ಗಂಜಿನ ಗಾಡಿಗಳೂ ತಡೆಯ ವಿದ್ಯೆಯೂ

ನಮ್ಮ ಹಾದಿಗಳ ಚರಿತ್ರೆಯನ್ನು ಬರೆದವರೆಲ್ಲರೂ ಬಹುಮಟ್ಟಿಗೆ ಚಲನೆಯ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ಅರಸನ ದಂಡು ಯಾವ ದಾರಿಯಿಂದ ಬಂದಿತು, ಯಾವ ಕಾಲದಲ್ಲಿ ರೈಲಿನ ಹಳಿ ಬಿದ್ದಿತು, ಮೊದಲ ಮೋಟಾರು ಯಾವ ಊರಿನ ಅಗಸೆಯನ್ನು ಹೊಕ್ಕಿತು ಎಂಬುದನ್ನೆಲ್ಲ ಹುಡುಕಿ ತೆಗೆಯುವುದಕ್ಕೆ ತೋರಿದ ಶ್ರದ್ಧೆಯನ್ನು, ಆ ಬಂಡಿ ಆ ಮೋಟಾರು ಬೇಕೆಂದ ಎಡೆಯಲ್ಲಿ ಹೇಗೆ ನಿಲ್ಲುತ್ತಿದ್ದಿತು, ನಿಲ್ಲಲಾರದೆ ಹೋಗುವ ಮುನ್ನ ತನ್ನ ಅಶಕ್ತಿಯನ್ನು ಯಾವ ಕುರುಹಿನಿಂದ ಸೂಚಿಸುತ್ತಿದ್ದಿತು, ಆ ಕುರುಹನ್ನು ಓದಬಲ್ಲವರು ಯಾರಿದ್ದರು ಎಂದು ವಿಚಾರಿಸುವುದಕ್ಕೆ ಅವರು ತೋರಲಿಲ್ಲ. ಆದರೆ ಹೊರಟ ಗಾಡಿ ಊರು ಮುಟ್ಟುವುದು ಎತ್ತಿನ ಬಲದಿಂದ, ಎಂಜಿನ್ನಿನ ಬಲದಿಂದ ಎಷ್ಟೋ, ತಡೆಯ ಬಲದಿಂದಲೂ ಅಷ್ಟೇ. ಈ ವಿದ್ಯೆ ಗ್ರಂಥಸ್ಥವಾಗಲಿಲ್ಲ. ಗಾಡಿ ಹೊಡೆಯುವವರ ಕಿವಿಯಲ್ಲಿ, ಚಾಲಕರ ಪಾದದಲ್ಲಿ, ಮಿಸ್ತ್ರಿಗಳ ಬೆರಳಿನಲ್ಲಿ ಮಾತ್ರ ಅದು ಉಳಿದು ಬಂದಿದೆ.

ಬೀದರಿನಂಥ ಊರಿನಲ್ಲಿ ಈ ಉಪೇಕ್ಷೆ ಇನ್ನೂ ಸಲ್ಲದು. ಕೆಂಪು ಮೊರಂ ಕಲ್ಲಿನ ಒಂದು ಪ್ರಸ್ಥಭೂಮಿಯ ಅಂಚಿನ ಮೇಲೆ, ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಮಿಗಿಲಾದ ಎತ್ತರದಲ್ಲಿ, ಉತ್ತರಕ್ಕೆ ಮಾಂಜರಾ ನದಿಯ ತಗ್ಗನ್ನು ನೋಡುತ್ತ ಈ ನಗರ ಕುಳಿತಿದೆ. 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ, ಆತನ ಮನಸ್ಸಿಗೆ ಬಂದ ಕಾರಣಗಳಲ್ಲಿ ಈ ಎತ್ತರವೂ ಒಂದಾಗಿದ್ದಿರಬೇಕು. ಕೋಟೆಗೆ ಒದಗಿದ ಅನುಕೂಲವೇ ಗಾಡಿಗೆ ಕಷ್ಟವಾಯಿತು. 1472ರಲ್ಲಿ ಮಹಮೂದ್ ಗವಾನನ ಮದರಸಾ ಎದ್ದುನಿಂತ ಕಾಲಕ್ಕೂ, ಅದರ ಮುಂದಣ ಬೀದಿಯಲ್ಲಿ ಮೋಟಾರುಗಳು ಹಾರನ್ ಬಡಿಯುವ ಈ ಕಾಲಕ್ಕೂ ನೆಲದ ಸ್ವರೂಪ ಬದಲಾಗಿಲ್ಲ. ಪೂರ್ವಕ್ಕೆ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಹೋಗುವವರು ಇಳಿಯಬೇಕು. ಔರಾದಿಗೆ ಹೋಗುವವರು ಜನವಾಡ ದಾಟಿ ಕೌಠಾದ ಬಳಿ ಮಾಂಜರೆಯ ಸೇತುವೆಗೆ ಇಳಿದು, ಆಚೆ ಸಂತಪೂರದ ಕಡೆಗೆ ಸಾಗಬೇಕು. ಭಾಲ್ಕಿಯ ಹಾದಿಯೂ ಕೆಂಪು ನೆಲವನ್ನು ಬಿಟ್ಟು ಎರೆಯ ನೆಲಕ್ಕೆ ಇಳಿದೇ ಹೋಗುತ್ತದೆ.

ಗಾಂಧಿ ಗಂಜ ಈ ಎತ್ತರದ ಮೇಲಣ ಧಾನ್ಯದ ಪೇಟೆ. ಅಡತಿ ಅಂಗಡಿಗಳ ಸಾಲು, ಮುಂದೆ ಚೀಲದ ಒಟ್ಟಿಲು, ಹೆಗಲ ಮೇಲೆ ಕೊಕ್ಕೆ ತೂಗಿಸಿಕೊಂಡ ಹಮಾಲರು, ಸುಗ್ಗಿಯಲ್ಲಿ ಕಾಲಿಡಲು ಎಡೆಯಿಲ್ಲದಂತೆ ಹರಡಿದ ಉದ್ದು, ಹೆಸರು, ತೊಗರಿ, ಕಡಲೆ, ಜೋಳ: ಇವು ಇಂದಿಗೂ ಕಾಣುವ ನೋಟ, ಈಚಿನ ದಶಕಗಳಲ್ಲಿ ಅವುಗಳ ಜೊತೆಗೆ ಸೋಯಾ ಅವರೆಯೂ ಸೇರಿದೆ. ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿದ್ದಾಗ, ಫಸಲಿ 1339ರಲ್ಲಿ ಎಂದರೆ 1930ರಲ್ಲಿ, ಅಲ್ಲಿನ ಕೃಷಿ ಮಾರುಕಟ್ಟೆಗಳ ಕಾನೂನು ಬಂದಿತು. ಅದರಿಂದ ಸಂಸ್ಥಾನದ ಗಂಜುಗಳಲ್ಲಿ ತೂಕಕ್ಕೂ ದಲಾಲಿಗೂ ಒಂದು ಕಟ್ಟು ಏರ್ಪಟ್ಟಿತು. ಮಾಲನ್ನು ಪಲ್ಲವೆಂಬ ಅಳತೆಯ ಲೆಕ್ಕದಲ್ಲಿ ಅಳೆಯುತ್ತಿದ್ದ ಆ ದಿನಗಳಲ್ಲಿ ಹಳ್ಳಿಯಿಂದ ಗಂಜಿಗೆ ಅದನ್ನು ತರುತ್ತಿದ್ದುದು ಎತ್ತಿನ ಬಂಡಿ. ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ರೈತನ ಬಂಡಿ ತುಂಬಿಕೊಂಡು ಏರುತ್ತಿದ್ದಿತು, ಬರಿದಾಗಿ ಇಳಿಯುತ್ತಿದ್ದಿತು. ಮರಳುವಾಗ ಅದರಲ್ಲಿರುತ್ತಿದ್ದುದು ಉಪ್ಪು, ಬೆಲ್ಲ, ಬಟ್ಟೆ, ಒಂದೆರಡು ಕಬ್ಬಿಣದ ಸಾಮಾನು, ಮೇಲೆ ಕುಳಿತ ಮನೆಯವರು, ಇಷ್ಟೇ. ಏರಿನಲ್ಲಿ ಎತ್ತು ಬಳಲುತ್ತಿದ್ದಿತೇ ಹೊರತು ಇಳಿಜಾರಿನಲ್ಲಿ ಭಾರ ಬೆನ್ನಟ್ಟುತ್ತಿರಲಿಲ್ಲ. ಈ ಭಾಗದ ಬಂಡಿಗಳಲ್ಲಿ ತಡೆಯೆಂಬ ಅಂಗ ಬಹುಕಾಲ ಅಷ್ಟಾಗಿ ಬೆಳೆಯದೆ ಹೋದುದಕ್ಕೆ ಇದೇ ಕಾರಣವೆಂದು ನಾನು ಭಾವಿಸುತ್ತೇನೆ.

ಬೆಳೆಯಲಿಲ್ಲವೆಂದ ಮಾತ್ರಕ್ಕೆ ತಡೆಯೇ ಇರಲಿಲ್ಲವೆಂದಲ್ಲ. ಮೊದಲ ತಡೆ ಎತ್ತೇ. ಇಳಿಜಾರಿನಲ್ಲಿ ಅದು ಹಿಂಗಾಲನ್ನು ಊರಿ ಮೈಯನ್ನು ಹಿಂದಕ್ಕೆ ಒತ್ತಿ ನಡೆಯುವಾಗ ನೊಗ ಕೊರಳಿನಿಂದ ಮುಂದೆ ಜಾರಿ ಕೋಡಿನ ಬುಡಕ್ಕೆ ತಗಲುತ್ತದೆ. ಅದನ್ನು ಕಂಡ ಗಾಡಿಯವನು ಕೆಳಗಿಳಿದು, ನೊಗವನ್ನು ಕೈಯಲ್ಲಿ ಹಿಡಿದು, ಎತ್ತುಗಳ ಮುಂದೆ ಹಿಂದುಹಿಂದಾಗಿ ನಡೆಯುತ್ತಿದ್ದನು. ಭಾರ ಹೆಚ್ಚಿದ್ದರೆ ಬಂಡಿಯ ಹಿಂದೆ ಒಂದು ಮರದ ದಿಮ್ಮಿಯನ್ನು ಹಗ್ಗ ಕಟ್ಟಿ ಎಳೆದಾಡಿಸುವುದೂ, ಒಂದು ಗಾಲಿಯನ್ನು ಸರಪಳಿಯಿಂದ ಬಿಗಿದು ಉರುಳದಂತೆ ಮಾಡುವುದೂ ದಖ್ಖನಿನ ಘಟ್ಟದ ಹಾದಿಗಳಲ್ಲಿ ರೂಢಿಯಲ್ಲಿದ್ದುವು. ಇನ್ನೂ ಮುಂದುವರಿದವರು ಎರಡು ಗಾಲಿಗಳ ಹಿಂದೆ ಅಡ್ಡವಾಗಿ ಒಂದು ತೊಲೆಯನ್ನು ತೂಗಿಸಿ, ಹಗ್ಗವನ್ನು ಜಗ್ಗಿದಾಗ ಅದರ ತುದಿಗಳು ಗಾಲಿಯ ಕಬ್ಬಿಣದ ಪಟ್ಟಿಯನ್ನು ಒತ್ತುವಂತೆ ಮಾಡುತ್ತಿದ್ದರು. ಮರವು ಕಬ್ಬಿಣವನ್ನು ಉಜ್ಜುವ ಈ ಸರಳ ಯುಕ್ತಿಯಲ್ಲಿಯೇ ಸವೆದ ಬ್ರೇಕಿನ ಲಕ್ಷಣಗಳೆಲ್ಲವೂ ಬೀಜರೂಪದಲ್ಲಿ ಅಡಗಿದ್ದುವು. ಹೊಸ ತುಂಡು ಒರಟಾಗಿ ಕಚ್ಚಿ ಹಿಡಿಯುತ್ತದೆ. ಹಳೆಯದು ಕನ್ನಡಿಯಂತೆ ನುಣುಪಾಗಿ ಜಾರುತ್ತದೆ. ಸದ್ದು ಗರಗರವೆನ್ನುತ್ತಿದ್ದುದು ಕೀರಲಾಗುತ್ತದೆ. ಹಗ್ಗವನ್ನು ಮೊದಲಿಗಿಂತ ಒಂದು ಗೇಣು ಹೆಚ್ಚಾಗಿ ಎಳೆಯಬೇಕಾಗುತ್ತದೆ. ಕೊನೆಗೆ ಮರ ಸೀಯುವ ವಾಸನೆ ಮೂಗಿಗೆ ಅಡರುತ್ತದೆ. ಇಂದಿನ ಕಾರಿನಲ್ಲಿ ಹಗ್ಗದ ಎಡೆಗೆ ಪೆಡಲು ಬಂದಿದೆ, ಮರದ ಎಡೆಗೆ ಪ್ಯಾಡು ಬಂದಿದೆ, ಕುರುಹುಗಳು ಅವೇ.

ಈ ಮರದ ತುಂಡಿನಿಂದ ಇಂದಿನ ಬ್ರೇಕಿನ ಹೊದಿಕೆಯಾದ ಲೈನರಿನವರೆಗೆ ಬಂದ ದಾರಿಯಲ್ಲಿ ಎರಡು ಕಥೆಗಳು ನನಗೆ ಬಹು ಪ್ರಿಯವಾದುವು. 1888ರ ಆಗಸ್ಟಿನಲ್ಲಿ ಬರ್ಟಾ ಬೆಂಜ್ ಎಂಬ ಸಾಹಸಿ ಗೃಹಿಣಿ, ಗಂಡ ಕಾರ್ಲ್ ಬೆಂಜನು ನಿರ್ಮಿಸಿದ ಮೋಟಾರು ಗಾಡಿಯನ್ನು ಆತನಿಗೆ ತಿಳಿಸದೆ ಹೊರಡಿಸಿಕೊಂಡು, ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿನವರೆಗೆ ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಕ್ರಮಿಸಿದಳು. ಇಳಿಜಾರುಗಳಲ್ಲಿ ಮರದ ಬ್ರೇಕು ಸವೆದು ಹಿಡಿಯದಂತಾದಾಗ, ದಾರಿಯ ಹಳ್ಳಿಯ ಒಬ್ಬ ಚಮ್ಮಾರನಿಂದ ಆ ತುಂಡುಗಳಿಗೆ ತೊಗಲಿನ ಹೊದಿಕೆ ಹೊಡೆಸಿದಳು. ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಾಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ, ಅಲ್ಲಿನ ಗಾಡಿಯವರು ಹಳೆಯ ಬೂಟುಗಳನ್ನು ಬ್ರೇಕಿನ ಮರಕ್ಕೆ ಬಡಿದುಕೊಳ್ಳುವುದನ್ನು ಕಂಡು, ಅದಕ್ಕಿಂತ ಮಿಗಿಲಾದ ಹೊದಿಕೆ ಸಾಧ್ಯವೇ ಎಂದು ಯೋಚಿಸಿ, 1897ರಲ್ಲಿ ಅದರ ತಯಾರಿಕೆಗೆ ಕೈಹಾಕಿದನು. ಆತನ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿದ ಫೆರೋಡೋ ಎಂಬ ಮುದ್ರೆ ಮುಂದೆ ಲೋಕವನ್ನೆಲ್ಲ ಸುತ್ತಿ, ಮುಂಬಯಿಯ ಘಾಟ್ಕೋಪರಕ್ಕೂ ಹಿಂದುಸ್ತಾನ್ ಫೆರೋಡೋ ಎಂಬ ಹೆಸರಿನಲ್ಲಿ ಬಂದಿತು. ಒಂದೆಡೆ ಚಮ್ಮಾರನ ಉಳಿ, ಇನ್ನೊಂದೆಡೆ ಗಾಡಿಯವನ ಹಳೆಯ ಬೂಟು: ತಡೆಯ ವಿದ್ಯೆಯ ಮೂಲದಲ್ಲಿ ಇಂಥವರ ಬುದ್ಧಿಯಿದೆ ಎಂಬುದನ್ನು ನಾವು ಗೌರವದಿಂದ ನೆನೆಯಬೇಕು.

ವಿಕಾರಾಬಾದಿನ ಕಡೆಯಿಂದ ರೈಲು ಬೀದರಿಗೆ ಬಂದು, ಭಾಲ್ಕಿ ಕಮಲನಗರಗಳ ಮೇಲೆ ಹಾದು ಪರಳಿಯತ್ತ ನಡೆದುದು 1930ರ ಆಸುಪಾಸಿನ ಮಾತು. ಮೋಟಾರು ಬಸ್ಸು ಬಂದುದೂ ಬಹುಮಟ್ಟಿಗೆ ಅದೇ ಕಾಲದಲ್ಲಿ. ನಿಜಾಮರ ಸರ್ಕಾರಿ ರೈಲ್ವೆಯು ತನ್ನದೇ ಒಂದು ರಸ್ತೆ ಸಾರಿಗೆ ವಿಭಾಗವನ್ನು 1932ರಲ್ಲಿ ತೆರೆದಾಗ ಅದರ ಬಳಿ ಇದ್ದುದು 27 ಬಸ್ಸುಗಳು, 166 ಜನ ನೌಕರರು. ಅಲ್ಬಿಯನ್ ಎಂಬ ಬ್ರಿಟಿಷ್ ಕಂಪನಿಯ ಗಾಡಿಗಳು ಆ ವಿಭಾಗದೊಡನೆ ಜನರ ನೆನಪಿನಲ್ಲಿ ಬೆಸೆದುಕೊಂಡಿವೆ. ಮೋಟಾರಿನ ಬ್ರೇಕಿನ ಭಾಷೆಯನ್ನು ಸಂಸ್ಥಾನದ ಜನ ಕಲಿತ ಪಾಠಶಾಲೆಗಳಲ್ಲಿ ಆ ವಿಭಾಗದ ಕಾರ್ಖಾನೆಗಳು ಪ್ರಮುಖವಾದುವೆಂದು ಹೇಳಬಹುದು. ಅಲ್ಲಿ ಉರ್ದು ನಡೆಯಿತು. ಮನೆಗೆ ಮರಳಿದ ಮಿಸ್ತ್ರಿ ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಆ ಪಾಠವನ್ನು ಮಕ್ಕಳಿಗೆ ಹೇಳಿದನು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದೊಳಗೆ ಸೇರಿ, 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದಾಗ, ಅದೇ ಜಿಲ್ಲೆಯ ಉದಗೀರ, ನಿಲಂಗಾಗಳು ಮುಂಬಯಿ ರಾಜ್ಯಕ್ಕೂ ಜಹೀರಾಬಾದು ಆಂಧ್ರಕ್ಕೂ ಹೋದುವು. ಗಡಿ ಬದಲಾಯಿತಾದರೂ ಗಂಜಿನ ಲಾರಿ ಹೋಗುವ ಊರುಗಳು ಬದಲಾಗಲಿಲ್ಲ. ಗ್ಯಾರೇಜಿನ ಮಾತೂ ಬದಲಾಗಲಿಲ್ಲ. ಹಿರಿಯ ಮಿಸ್ತ್ರಿ ಇಂದಿಗೂ ಉಸ್ತಾದನೇ, ಪಾನಾ ಹಿಡಿದು ನಿಂತ ಹುಡುಗ ಇಂದಿಗೂ ತಮ್ಮನೇ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯವು ಹರಾಜು ಹಾಕಿದ ಫೋರ್ಡ್, ಷೆವ್ರೊಲೆ ಲಾರಿಗಳು ದೇಶದಾದ್ಯಂತ ಬಾಡಿಗೆಯ ಹಾದಿಗೆ ಇಳಿದುವು. 1954ರಿಂದ ಜಮ್‌ಶೆಡ್‌ಪುರದ ಟಾಟಾ ಮರ್ಸಿಡಿಸ್ ಲಾರಿಗಳು ಬಂದುವು. ಆಗ ಗಂಜಿನ ಭಾರದ ದಿಕ್ಕೇ ತಿರುಗಿತು. ಬಂಡಿಯು ತುಂಬಿ ಏರಿ ಬರಿದಾಗಿ ಇಳಿಯುತ್ತಿದ್ದ ಊರಿನಿಂದ, ಲಾರಿಯು ಚೀಲಗಳನ್ನು ಹಗ್ಗ ಬಿಗಿದು ಹೇರಿಕೊಂಡು ತುಂಬಿಯೇ ಇಳಿಯತೊಡಗಿತು. ತೊಗರಿಯ ಚೀಲ ಹೊತ್ತು ಪ್ರಸ್ಥಭೂಮಿಯ ಅಂಚನ್ನು ದಾಟುವ ಗಾಡಿಗೆ ಎಂಜಿನ್ನು ಎಷ್ಟು ಬಲವಾಗಿದ್ದರೆ ತಾನೆ ಏನು? ಅಲ್ಲಿ ಪ್ರಾಣವಿರುವುದು ಗಾಲಿಯ ಗುಂಭದೊಳಗೆ ಅಡಗಿದ ಎರಡು ಅರ್ಧಚಂದ್ರಾಕಾರದ ಕಬ್ಬಿಣಗಳಲ್ಲಿ, ಅವುಗಳಿಗೆ ರಿವೀಟಿನಿಂದ ಬಡಿದ ಲೈನರಿನಲ್ಲಿ. ಲೂಯಿ ರೆನೋ 1902ರಲ್ಲಿ ರೂಪಿಸಿದ ಡ್ರಮ್ ಬ್ರೇಕು ಇದೇ. ಪೆಡಲನ್ನು ತುಳಿದಾಗ ಶೂಗಳೆಂಬ ಆ ಕಬ್ಬಿಣಗಳು ಹಿಗ್ಗಿ ತಿರುಗುವ ಡ್ರಮ್ಮಿನ ಒಳಮೈಯನ್ನು ಒತ್ತುತ್ತವೆ. ಪಾದದ ಒತ್ತಡವನ್ನು ಸಲಾಕೆಗಳೂ ತಂತಿಗಳೂ ಒಯ್ಯುತ್ತಿದ್ದ ಕಾಲ ಕಳೆದು, ಮಾಲ್ಕಮ್ ಲಾಕ್‌ಹೀಡನ ಯುಕ್ತಿಯಂತೆ ಕೊಳವೆಯೊಳಗಿನ ಎಣ್ಣೆ ಅದನ್ನು ಒಯ್ಯತೊಡಗಿದ ಮೇಲೆ ನಾಲ್ಕು ಗಾಲಿಗೂ ಸಮನಾದ ಹಿಡಿತ ದೊರೆಯಿತು. ಜೊತೆಗೆ ಹೊಸದೊಂದು ಭಯವೂ ಬಂದಿತು. ತಂತಿ ಸಡಿಲಾದರೆ ಕಣ್ಣಿಗೆ ಕಾಣುತ್ತಿದ್ದಿತು. ಎಣ್ಣೆ ಸೋರಿದರೆ ಕಾಲಿಗೆ ಮಾತ್ರ ತಿಳಿಯುತ್ತದೆ.

ಭಾರ ಇಳಿಯುವಾಗ ನಡೆಯುವುದೇನು ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಹತ್ತು ಟನ್ ತೂಕದ ಲಾರಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವಾಗ ಅದನ್ನು ನಿಲ್ಲಿಸಿದರೆ, ಆ ಚಲನೆಯೆಲ್ಲ ಬಿಸಿಯಾಗಿ ಡ್ರಮ್ಮಿಗೆ ಇಳಿಯುತ್ತದೆ. ಆ ಬಿಸಿ ನಾಲ್ಕು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಲ್ಲುದು. ಅದೇ ಲಾರಿ ನೂರು ಮೀಟರ್ ಎತ್ತರದಿಂದ ಬ್ರೇಕನ್ನೇ ನಂಬಿ ಒಂದೇ ವೇಗದಲ್ಲಿ ಇಳಿದರೆ ಹುಟ್ಟುವ ಬಿಸಿ ಅದರ ಏಳು ಪಾಲು. ಡ್ರಮ್ಮು ಕಾದು ಹಿಗ್ಗುತ್ತದೆ, ಲೈನರ್ ಕಾದು ತನ್ನ ಕಚ್ಚುವ ಗುಣವನ್ನು ಕಳೆದುಕೊಳ್ಳುತ್ತದೆ, ಪೆಡಲು ಗಟ್ಟಿಯಾಗಿಯೇ ಇದ್ದರೂ ಗಾಡಿ ನಿಲ್ಲುವುದಿಲ್ಲ. ಈ ಸ್ಥಿತಿಗೆ ಮೊದಲು ಬರುವ ಕುರುಹು ಘಾಟು. ಸುಟ್ಟ ರಬ್ಬರಿನದೂ ಅಲ್ಲದ, ಸುಟ್ಟ ಬಟ್ಟೆಯದೂ ಅಲ್ಲದ, ನಾಲಗೆಯ ಬುಡಕ್ಕೆ ಕಹಿಯಾಗಿ ತಗಲುವ ಘಾಟು. ಅದನ್ನು ಅರಿತ ಚಾಲಕನು ಆ ಕೂಡಲೆ ಗಾಡಿಯನ್ನು ಬದಿಗೆ ಹಾಕಿ, ಕ್ಲೀನರ್ ಹುಡುಗನಿಗೆ “ಗಾಲಿಗೆ ಕಲ್ಲು ಕೊಡು” ಎಂದು ಕೂಗಿ, ಡ್ರಮ್ಮು ತಾನಾಗಿ ಆರುವವರೆಗೆ ಕಾಯುತ್ತಾನೆ. ನೀರು ಎರಚುವುದಿಲ್ಲ, ಏಕೆಂದರೆ ಕಾದ ಎರಕದ ಕಬ್ಬಿಣ ತಣ್ಣೀರು ಬಿದ್ದರೆ ಸೀಳುತ್ತದೆ. ಏರುವಾಗ ಯಾವ ಗೇರಿನಲ್ಲಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬ ಹಳೆಯ ಚಾಲಕರ ಕಟ್ಟಳೆಯ ಹಿಂದಿರುವುದು ಇದೇ ವಿವೇಕ. ಎಂಜಿನ್ನು ಭಾರವನ್ನು ಹಿಡಿದಷ್ಟೂ ಲೈನರ್ ಉಳಿಯುತ್ತದೆ.

ಗಂಜಿನಂಥ ಪೇಟೆಗಳ ಸುತ್ತಿನ ಗ್ಯಾರೇಜಿನಲ್ಲಿ ನುರಿತ ಮಿಸ್ತ್ರಿಯೊಬ್ಬನು ಹಳೆಯ ಗಾಡಿಯ ಬ್ರೇಕನ್ನು ಪರೀಕ್ಷಿಸುವ ಕ್ರಮವನ್ನು ನಿಂತು ನೋಡುವುದು ಒಂದು ಶಿಕ್ಷಣ. ಆತನು ಮೊದಲು ಗಾಲಿಗೆ ಕೈಹಾಕುವುದಿಲ್ಲ. ಮೊದಲು ಚಾಲಕನನ್ನು ಕೇಳುತ್ತಾನೆ. “ಬ್ರೇಕ್ ಮ್ಯಾಲೆ ಹಿಡೀತದೋ ಕೆಳಗ ಹೋಗಿ ಹಿಡೀತದೋ? ಗಾಡಿ ಯಾ ಕಡಿ ಎಳೀತದ?” ಎಂಬ ಎರಡು ಪ್ರಶ್ನೆಗಳಲ್ಲಿ ರೋಗದ ಅರ್ಧ ತೀರಿಹೋಗುತ್ತದೆ. ಪೆಡಲು ಮೊದಲಿಗಿಂತ ಕೆಳಗಿಳಿದು ಹಿಡಿಯುತ್ತಿದ್ದು, ಎರಡು ಮೂರು ಸಲ ತುಳಿದಾಗ ಮೇಲೇರುತ್ತಿದ್ದರೆ, ಲೈನರ್ ಸವೆದು ಶೂವಿಗೂ ಡ್ರಮ್ಮಿಗೂ ನಡುವೆ ಎಡೆ ಹೆಚ್ಚಿದೆಯೆಂದರ್ಥ. ತುಳಿದ ಕಾಲಿಗೆ ಪೆಡಲು ಸ್ಪಂಜಿನಂತೆ ಮೆತ್ತಗೆ ಮರುಪುಟಿದರೆ ಕೊಳವೆಯೊಳಗೆ ಗಾಳಿ ಹೊಕ್ಕಿದೆ. ತುಳಿದು ಹಿಡಿದಂತೆಯೇ ಅದು ಮೆಲ್ಲಮೆಲ್ಲನೆ ತಳಕ್ಕೆ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಹೋಗಿದೆ ಅಥವಾ ಎಲ್ಲಿಯೋ ಎಣ್ಣೆ ಸೋರುತ್ತಿದೆ. ಅಂಥ ಗಾಡಿ ಅಲ್ಲಿಂದ ಒಂದು ಹೆಜ್ಜೆಯೂ ಕದಲತಕ್ಕುದಲ್ಲ. ಗಾಡಿ ಒಂದು ಮಗ್ಗುಲಿಗೆ ಎಳೆದರೆ, ಎಳೆಯುವ ಮಗ್ಗುಲು ಹಿಡಿಯುತ್ತಿದೆ, ಎದುರು ಮಗ್ಗುಲು ಹಿಡಿಯುತ್ತಿಲ್ಲ. ಕೆಟ್ಟಿರುವುದು ಎಳೆಯುವ ಗಾಲಿಯೇ ಎಂದು ತಿಳಿಯುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು.

ಆಮೇಲೆ ಜಾಕು ಏರುತ್ತದೆ, ಗಾಲಿ ಕಳಚುತ್ತದೆ, ಡ್ರಮ್ಮಿನ ಸುತ್ತ ಸುತ್ತಿಗೆಯ ಹಗುರವಾದ ಪೆಟ್ಟುಗಳು ಬೀಳುತ್ತವೆ. ಸುಲಭವಾಗಿ ಕಳಚಿ ಬಾರದ ಡ್ರಮ್ಮು ಆಗಲೇ ಒಂದು ಸುದ್ದಿಯನ್ನು ಹೇಳಿದಂತಾಯಿತು: ಒಳಮೈ ಸವೆದು ಅಂಚಿನಲ್ಲಿ ಏಣು ಎದ್ದಿದೆ, ಅದು ಶೂವಿಗೆ ತಗಲಿಕೊಂಡಿದೆ. ಡ್ರಮ್ಮು ಬಂದ ಮೇಲೆ ಮಿಸ್ತ್ರಿಯು ಅದನ್ನು ಬೆಳಕಿಗೆ ಹಿಡಿದು ಉಗುರನ್ನು ಅಡ್ಡಲಾಗಿ ಎಳೆಯುತ್ತಾನೆ. ಉಗುರು ಜಾರಿದರೆ ಸರಿ. ಅಲ್ಲಲ್ಲಿ ಸಿಕ್ಕಿಕೊಂಡರೆ ಲೈನರು ತೀರಿ ರಿವೀಟಿನ ತಲೆಗಳು ಡ್ರಮ್ಮನ್ನು ಗೀರಿವೆ, ಅದನ್ನು ಲೇತಿಗೆ ಕೊಟ್ಟು ಸಮಮಾಡಿಸಬೇಕು. ಮಾಡಿಸುವಷ್ಟು ದಪ್ಪ ಉಳಿದಿರದಿದ್ದರೆ ಎಸೆಯಬೇಕು. ಒಳಮೈಯಲ್ಲಿ ನೀಲಿಯ ಮಚ್ಚೆಗಳಿದ್ದರೆ ಅದು ಮಿತಿಮೀರಿ ಕಾದದ್ದರ ಗುರುತು. ಲೈನರಿನ ಮೇಲಿನ ರಿವೀಟು ಎಷ್ಟು ಆಳದಲ್ಲಿದೆ ಎಂದು ಕಿರುಬೆರಳಿನ ತುದಿಯನ್ನಿಟ್ಟು ನೋಡುತ್ತಾನೆ. ತಲೆ ಬೆರಳಿಗೆ ತಗಲುವಷ್ಟು ಮೇಲೆ ಬಂದಿದ್ದರೆ ಅದರ ಆಯುಸ್ಸು ಮುಗಿಯಿತು. ಲೈನರ್ ದಪ್ಪವಾಗಿಯೇ ಇದ್ದು ಮೈ ಮಾತ್ರ ಕಪ್ಪಾಗಿ ಹೊಳೆಯುತ್ತಿದ್ದರೆ, ಆತನು ಚಕ್ರದ ಸಿಲಿಂಡರಿನ ರಬ್ಬರಿನ ಅಂಚನ್ನು ಸುಲಿದು ಒಳಗೆ ತೇವವಿದೆಯೇ ಎಂದು ನೋಡುತ್ತಾನೆ. ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕಟ್ಟುವವರನ್ನು ನಾನು ಕಂಡಿದ್ದೇನೆ, ನನ್ನ ಮಾತಿಗೆ ಬೆಲೆಯಿದ್ದರೆ ಯಾರೂ ಹಾಗೆ ಮಾಡಬಾರದು, ಏಕೆಂದರೆ ಕಾದಾಗ ಆ ಎಣ್ಣೆ ಒಳಗಿನಿಂದ ಮತ್ತೆ ಮೇಲೆ ಬರುತ್ತದೆ. ಕೊನೆಯದಾಗಿ ಹ್ಯಾಂಡ್‌ಬ್ರೇಕು: ಹಿಡಿಯನ್ನು ಎಳೆದಾಗ ಕಟಕಟನೆ ಕೇಳಿಬರುವ ಹಲ್ಲುಗಳ ಸದ್ದು ಮೊದಲಿಗಿಂತ ಹೆಚ್ಚಾದಷ್ಟೂ ಹಿಂದಿನ ಗಾಲಿಯ ಲೈನರ್ ಅಷ್ಟು ಸವೆದಿದೆ, ಇಲ್ಲವೇ ತಂತಿ ಹಿಗ್ಗಿದೆ.

ಡಿಸ್ಕ್ ಬ್ರೇಕಿನ ಚರಿತ್ರೆ ಇನ್ನೊಂದು ಬಗೆಯದು. ಫ್ರೆಡರಿಕ್ ಲಾಂಚೆಸ್ಟರನು ಅದರ ಹಕ್ಕನ್ನು ಪಡೆದುದೂ 1902ರಲ್ಲಿಯೇ; ಆದರೆ ಲೋಹವು ಲೋಹವನ್ನು ಒತ್ತಿದಾಗ ಹೊರಟ ಕರ್ಕಶ ಧ್ವನಿಯನ್ನು ಸಹಿಸಲಾರದೆ ಅದನ್ನು ಬಹುಕಾಲ ಯಾರೂ ಆದರಿಸಲಿಲ್ಲ. 1953ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಅದರ ಕೀರ್ತಿ ಹಬ್ಬಿತು. 1955ರಲ್ಲಿ ಸಿಟ್ರಾನ್ ಕಂಪನಿಯು ತನ್ನ ಡಿ.ಎಸ್. ಎಂಬ ಕಾರಿನಲ್ಲಿ ಅದನ್ನು ಅಳವಡಿಸಿತು. ನಮ್ಮಲ್ಲಿ ಅಂಬಾಸಿಡರ್, ಪದ್ಮಿನಿಗಳು ನಾಲ್ಕು ಡ್ರಮ್ಮುಗಳಿಂದಲೇ ಬಹುವರ್ಷ ಓಡಿದುವು. 1980ರ ದಶಕದಿಂದೀಚೆಗೆ ಮಾರುತಿಯ ಪೀಳಿಗೆಯ ಸಣ್ಣ ಕಾರುಗಳೊಡನೆ ಮುಂಗಾಲಿಯ ಡಿಸ್ಕು ಬೀದರಿನ ಗ್ಯಾರೇಜುಗಳಿಗೂ ಬಂದಿತು. ಇಲ್ಲಿ ಒಂದು ವಿಸ್ಮಯವನ್ನು ನೋಡಿರಿ. ಲಾಂಚೆಸ್ಟರನನ್ನು ಸೋಲಿಸಿದ ಆ ಕೀರಲು ಧ್ವನಿಯನ್ನೇ ಮುಂದಿನವರು ಬುದ್ಧಿಪೂರ್ವಕವಾಗಿ ಮರಳಿ ತಂದು ಕಾವಲಿಗೆ ನಿಲ್ಲಿಸಿದರು. ಹೊಸದರಲ್ಲಿ ಸುಮಾರು ಹತ್ತು ಮಿಲಿಮೀಟರ್ ದಪ್ಪವಿರುವ ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಸವೆದಾಗ, ಅದಕ್ಕೆ ಹೊಂದಿಸಿದ ಒಂದು ಸಣ್ಣ ಉಕ್ಕಿನ ನಾಲಗೆ ಡಿಸ್ಕಿಗೆ ತಗಲಿ ಸಣ್ಣಗೆ, ಎಡೆಬಿಡದೆ ಕಿರುಗುಟ್ಟುತ್ತದೆ. ಬೆಳಗಿನ ಮಂಜಿನಲ್ಲಿ ಮೊದಲ ಒಂದೆರಡು ಒತ್ತಿನಲ್ಲಿ ಕೇಳಿ ಆಮೇಲೆ ಅಡಗುವ ಸದ್ದು ತೇವದ್ದು, ಅದಕ್ಕೆ ಅಂಜಬೇಕಾಗಿಲ್ಲ. ದಿನವಿಡೀ ಹಿಂಬಾಲಿಸುವ ಸದ್ದು ಈ ನಾಲಗೆಯದು. ಅದನ್ನೂ ಅಲಕ್ಷಿಸಿದವರಿಗೆ ಕೇಳುವುದು ಕಲ್ಲು ಅರೆದಂಥ ಗರಗರ. ಆಗ ಪ್ಯಾಡಿನ ಬೆನ್ನಿನ ಕಬ್ಬಿಣವೇ ಡಿಸ್ಕನ್ನು ತಿನ್ನುತ್ತಿರುತ್ತದೆ. ಕಾರಿನ ಕಿಟಕಿಗಳನ್ನೇರಿಸಿ, ತಂಪಿನ ಯಂತ್ರವನ್ನೂ ಹಾಡನ್ನೂ ಹಚ್ಚಿ ಕುಳಿತವರಿಗೆ ಈ ನಾಲಗೆಯ ಸದ್ದು ಕೇಳುವುದೇ ಇಲ್ಲವೆಂಬುದು ನನ್ನನ್ನು ನಿಜವಾಗಿ ಕಳವಳಗೊಳಿಸುತ್ತದೆ. ವಾರಕ್ಕೊಮ್ಮೆಯಾದರೂ ಗೋಡೆಯ ಪಕ್ಕದ ಓಣಿಯಲ್ಲಿ ಕಿಟಕಿ ಇಳಿಸಿ ಮೆಲ್ಲಗೆ ಬ್ರೇಕು ಒತ್ತಿ ಹೋಗಿರಿ. ಗೋಡೆ ಆ ಸದ್ದನ್ನು ಮರಳಿಸಿ ಕೇಳಿಸುತ್ತದೆ.

ಎಣ್ಣೆಯೂ ಒಂದು ಸಾಕ್ಷಿ. ಪ್ಯಾಡು ಸವೆದಷ್ಟೂ ಅದನ್ನು ಒತ್ತುವ ಪಿಸ್ಟನ್ನು ಮುಂದೆ ಸರಿದು, ಅದರ ಹಿಂದೆ ತುಂಬಿಕೊಳ್ಳಲು ಬಟ್ಟಲಿನ ಎಣ್ಣೆ ಕೆಳಗಿಳಿಯುತ್ತದೆ. ಮುಂದಿನ ಫಲಕದ ಕೆಂಪು ದೀಪ ಬೆಳಗುವುದು ಎಷ್ಟೋ ವೇಳೆ ಇದರಿಂದಲೇ. ಮೇಲೆ ಎಣ್ಣೆ ಸುರಿದು ದೀಪವನ್ನು ಆರಿಸುವುದು ಸಾಕ್ಷಿಯ ಬಾಯಿ ಕಟ್ಟಿದಂತೆ. ಅಲ್ಲದೆ ಆ ಎಣ್ಣೆ ಗಾಳಿಯ ತೇವವನ್ನು ಹೀರುವ ಸ್ವಭಾವದ್ದು: ಹೊಸದಾಗಿದ್ದಾಗ 205 ಡಿಗ್ರಿಗೆ ಮೊದಲು ಕುದಿಯಬಾರದೆಂದು ಡಾಟ್ 3 ಎಂಬ ದರ್ಜೆಗೆ ವಿಧಿಸಿದ್ದರೆ, ತೇವ ಕುಡಿದ ಮೇಲೆ ಅದೇ ದರ್ಜೆಗೆ 140 ಡಿಗ್ರಿಯೇ ಸಾಕೆಂದು ಬಿಟ್ಟಿದ್ದಾರೆ. ಇಳಿಜಾರಿನಲ್ಲಿ ಅದು ಕುದಿದು ಆವಿಯಾದರೆ ಪೆಡಲು ಒಮ್ಮೆಲೇ ನೆಲಕ್ಕೆ ಹೋಗುತ್ತದೆ.

ಈ ಸೀಮೆಯ ನೆಲವೂ ಕುರುಹುಗಳನ್ನು ಮರೆಮಾಚುವುದರಲ್ಲಿ ತನ್ನ ಪಾಲನ್ನು ಸಲ್ಲಿಸುತ್ತದೆ. ಬೀದರಿನ ಕೆಂಪು ಮೊರಂ ಧೂಳು ಬೇಸಗೆಯಲ್ಲಿ ಡ್ರಮ್ಮಿನೊಳಗೆ ಹೊಕ್ಕು, ಸವೆಯದ ಲೈನರಿನಿಂದಲೂ ಸವೆದುದರ ಸದ್ದನ್ನು ಹೊರಡಿಸುತ್ತದೆ. ಭಾಲ್ಕಿ, ಔರಾದಗಳ ಎರೆಮಣ್ಣು ಮಳೆಗಾಲದಲ್ಲಿ ಅಂಟಿ, ಒಣಗಿ, ಇಟ್ಟಿಗೆಯಾಗಿ, ಶೂವನ್ನು ಮರಳಿ ಸೆಳೆಯುವ ಸ್ಪ್ರಿಂಗನ್ನೇ ಕಟ್ಟಿಹಾಕುತ್ತದೆ. ಹೆಸರು, ಉದ್ದು ಗಂಜಿಗೆ ಬರುವುದು ಮಳೆ ಇನ್ನೂ ತೀರದ ಭಾದ್ರಪದದ ಸುಮಾರಿನಲ್ಲಿ. ನೀರು ಹರಿಯುವ ನಾಲೆಯನ್ನು ದಾಟಿದ ಗಾಡಿಯ ಡ್ರಮ್ಮು ಒದ್ದೆಯಾಗಿ ಕೆಲಕಾಲ ಹಿಡಿಯುವುದಿಲ್ಲವಾದ್ದರಿಂದ, ಬಲ್ಲ ಚಾಲಕನು ದಡ ಏರಿದೊಡನೆ ಪೆಡಲಿನ ಮೇಲೆ ಹಗುರವಾಗಿ ಕಾಲಿಟ್ಟು, ಉಜ್ಜಿದ ಬಿಸಿಯಿಂದಲೇ ಅದನ್ನು ಆರಿಸಿಕೊಂಡು ಮುಂದುವರಿಯುತ್ತಾನೆ.

ಈ ವಿದ್ಯೆಯನ್ನು ಕಾಪಾಡಿದವರು ಅದಕ್ಕಾಗಿ ತೆತ್ತ ಬೆಲೆಯನ್ನು ಹೇಳದೆ ಮುಂದೆ ಹೋಗಲಾರೆ. ಫ್ರೂಡನ ಕಾಲದಿಂದ ಬಹುದಶಕಗಳವರೆಗೆ ಲೈನರಿನ ಮುಖ್ಯ ವಸ್ತು ಕಲ್ನಾರು. ಬಿಸಿಗೆ ಅದು ಸೋಲುವುದಿಲ್ಲ. ಆದರೆ ಅದರ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶವನ್ನು ಹೊಕ್ಕು ಅಲ್ಲಿಯೇ ನಿಂತು, ವರ್ಷಗಳಾದ ಮೇಲೆ ಕ್ಯಾನ್ಸರಿಗೂ ಉಸಿರಿನ ಬೇನೆಗಳಿಗೂ ಕಾರಣವಾಗುತ್ತವೆ. ಡ್ರಮ್ಮು ಕಳಚಿದೊಡನೆ ಉಸ್ತಾದನೂ ಹುಡುಗನೂ ಬಾಯಿಂದ ಊದಿ ಹಾರಿಸುತ್ತಿದ್ದ ಆ ಬೂದಿಬಣ್ಣದ ಪುಡಿಯಲ್ಲಿ ಏನಿದೆಯೆಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ಯುರೋಪು 2005ರ ಹೊತ್ತಿಗೆ ಕಲ್ನಾರನ್ನು ನಿಷೇಧಿಸಿತು; ನಮ್ಮಲ್ಲಿಯೂ ದೊಡ್ಡ ತಯಾರಕರು ಕಲ್ನಾರಿಲ್ಲದ ಲೈನರುಗಳನ್ನು ಮಾಡುತ್ತಿದ್ದಾರೆ. ಹಾಗಿದ್ದರೂ ಅಗ್ಗದ ಮಾಲಿನಲ್ಲಿ ಏನು ಬೆರೆತಿದೆಯೆಂದು ಕಣ್ಣಿನಿಂದ ಹೇಳಲಾಗದು. ಪುಡಿಯನ್ನು ಊದದೆ, ಗಾಳಿಯ ಪಂಪು ಹಚ್ಚದೆ, ಒದ್ದೆಬಟ್ಟೆಯಿಂದ ಒರೆಸಿ ತೆಗೆಯುವ ಅಭ್ಯಾಸ ಗಂಜಿನ ಪ್ರತಿಯೊಂದು ಗ್ಯಾರೇಜಿಗೂ ಬರಬೇಕು. ಗಾಡಿಯ ಉಸಿರನ್ನು ಕೇಳಿ ರೋಗ ಹೇಳುವವರ ಉಸಿರಿಗೆ ನಾವು ಇಷ್ಟಾದರೂ ಮಾಡಬೇಡವೇ?

ಇಂದು ಗಂಜಿಗೆ ಬರುವ ಮಾಲಿನ ಬಹುಪಾಲು ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಬರುತ್ತದೆ. ಕಬ್ಬಿನ ಕಾಲದಲ್ಲಿ ಸಕ್ಕರೆ ಕಾರ್ಖಾನೆಗಳ ದಾರಿಯಲ್ಲಿ ಒಂದರ ಹಿಂದೊಂದು ಎರಡು ಟ್ರಾಲಿಗಳನ್ನು ಕಟ್ಟಿಕೊಂಡು ಹೋಗುವುದನ್ನೂ ಕಾಣುತ್ತೇವೆ. ಆ ಟ್ರಾಲಿಗಳಲ್ಲಿ ಎಷ್ಟೋ ಹಳೆಯ ಬಂಡಿಯಂತೆಯೇ ಸ್ವಂತ ತಡೆಯಿಲ್ಲದುವು. ಬಂಡಿಯ ಭಾರವನ್ನು ಎತ್ತು ತನ್ನ ಮೈಯಿಂದ ಹಿಡಿಯುತ್ತಿದ್ದಂತೆ, ಹಿಂದಿನಿಂದ ದೂಡುವ ಟನ್ನುಗಟ್ಟಲೆ ಕಬ್ಬನ್ನು ಟ್ರ್ಯಾಕ್ಟರಿನ ಎರಡು ಹಿಂಗಾಲಿಗಳೇ ಹಿಡಿಯಬೇಕು. ಅದರ ಎಡಬಲದ ಪೆಡಲುಗಳು ಬೇರೆಬೇರೆ. ಹೊಲದಲ್ಲಿ ತಿರುಗಿಸಲು ಅನುಕೂಲವೆಂದು ಹಾಗೆ ಮಾಡಿದ್ದಾರೆ. ರಸ್ತೆಗೆ ಬಂದಾಗ ಎರಡನ್ನೂ ಕೂಡಿಸುವ ಕೊಂಡಿಯನ್ನು ಹಾಕದೆ ಮರೆತರೆ, ಇಲ್ಲವೇ ಒಂದು ಪೆಡಲಿನ ಲೈನರ್ ಇನ್ನೊಂದಕ್ಕಿಂತ ಹೆಚ್ಚು ಸವೆದಿದ್ದರೆ, ಇಳಿಜಾರಿನಲ್ಲಿ ಒತ್ತಿದ ಕೂಡಲೆ ಟ್ರ್ಯಾಕ್ಟರು ಅಡ್ಡ ತಿರುಗಿ ಟ್ರಾಲಿಯ ಕೆಳಗೇ ಸಿಕ್ಕುತ್ತದೆ.

ಪೇಟೆಯ ಇನ್ನೊಂದು ತುದಿಯಲ್ಲಿ ವಿದ್ಯುತ್ತಿನ ಕಾರುಗಳು ಕಾಣಿಸಿಕೊಳ್ಳತೊಡಗಿವೆ. ಅವುಗಳಲ್ಲಿ ವೇಗವನ್ನು ಬಹುಪಾಲು ಮೋಟಾರೇ ಹಿಂಗಿಸಿ ಮತ್ತೆ ಬ್ಯಾಟರಿಗೆ ತುಂಬಿಕೊಳ್ಳುವುದರಿಂದ ಪ್ಯಾಡುಗಳು ಸವೆಯುವುದೇ ಕಡಮೆ. ಉಪಯೋಗವಿಲ್ಲದೆ ಡಿಸ್ಕುಗಳು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತವೆ, ಪ್ಯಾಡು ಸರಿದಾಡಲು ನೆರವಾಗುವ ಪಿನ್ನುಗಳು ಬಿಗಿದುಕೊಳ್ಳುತ್ತವೆ, ಅಪರೂಪಕ್ಕೆ ಜೋರಾಗಿ ಒತ್ತಿದಾಗ ಒಂದು ಗಾಲಿ ಹಿಡಿದು ಇನ್ನೊಂದು ಬಿಡುತ್ತದೆ. ಸವೆದ ಬ್ರೇಕಿನ ಕುರುಹುಗಳನ್ನು ಇಷ್ಟು ಕಾಲ ಕಲಿತ ಮಿಸ್ತ್ರಿಗಳು ಈಗ ಸವೆಯದ ಬ್ರೇಕಿನ ಕುರುಹುಗಳನ್ನೂ ಕಲಿಯಬೇಕಾಗಿ ಬಂದಿದೆ: ಡಿಸ್ಕಿನ ಅಂಚಿನಿಂದ ಒಳಕ್ಕೆ ಹರಿದ ಕಂದು ಪಟ್ಟಿ, ಒಂದು ಪ್ಯಾಡು ತೆಳುವಾಗಿ ಅದರ ಜೊತೆಯದು ಹೊಸದರಂತೆಯೇ ಉಳಿದಿರುವುದು, ಒಂದೇ ದಾರಿಯಲ್ಲಿ ಬಂದ ನಾಲ್ಕು ಗಾಲಿಗಳಲ್ಲಿ ಒಂದರ ಬಿಸಿ ಮಾತ್ರ ಅಂಗೈಗೆ ದೂರದಿಂದಲೇ ತಗಲುವುದು.